ಮೈನಸ್ ಒಂದು ಸೆಕೆಂಡ್ ಅಂದರೆ ಎಷ್ಟು ಹೊತ್ತು?

ಮೌಸ್ ಅಲುಗಿಸಿದ ಮೇಲೆ ಬಂದೂಕು ಒಂದು ಗಳಿಗೆ ತಡೆದು ತಿರುಗುತ್ತಿದೆ. ಸ್ನೇಹಿತನಿಗೆ ಹೇಳಿದರೆ, ‘ಡಾಕ್ಯುಮೆಂಟ್ಸ್ ಒಳಗೆ ಆರ್ಮಾ 3 ಅಂತ ಫೋಲ್ಡರ್ ಇದೆಯಲ್ಲ, ಅದರಲ್ಲಿ ಸಿಎಫ್‌ಜಿ ಫೈಲ್ ತೆಗೆದು ನೋಡು ಮಾರಾಯ’ ಅನ್ನುತ್ತಾನೆ. ನೋಟ್‌ಪ್ಯಾಡಿನಲ್ಲಿ ತೆಗೆಯುತ್ತೀರಿ. ಪರದೆಯ ಅಗಲ, ಎತ್ತರ ಇವೆಲ್ಲ ಗೊತ್ತಾಗುತ್ತವೆ. ಆಮೇಲೆ ‘ಜಿಪಿಯು ಮ್ಯಾಕ್ಸ್ ಫ್ರೇಮ್ಸ್ ಅಹೆಡ್’ ಎಂಬ ಸಾಲು. ಅದರ ಮುಂದೆ 1000. ಅದರ ಜೊತೆಗೇ ‘ಜಿಪಿಯು ಡಿಟೆಕ್ಟೆಡ್ ಫ್ರೇಮ್ಸ್ ಅಹೆಡ್’, ಮುಂದೆ 3. ಸಾವಿರ ಸರಿಯೋ, ಮೂರು ಸರಿಯೋ? ಇವೆರಡರಲ್ಲಿ ಯಾವುದನ್ನು ಮುಟ್ಟಬೇಕು?

ನೀವು ಸರ್ವರ್ ನಡೆಸುವವರಾದರೆ ನಿಮ್ಮ ಗೊಂದಲ ಬೇರೆ. ಆಟದಿಂದ ಹೊರಹಾಕಿದವರನ್ನು ಎಷ್ಟು ಸೆಕೆಂಡ್ ಹೊರಗಿಡಬೇಕು ಎಂದು ಕೇಳುವ ಕಡೆ -1 ಎಂದಿರುತ್ತದೆ. ಮಿಷನ್ ಕಟ್ಟುವವರಾದರೆ, ಇಬ್ಬರು ಸೈನಿಕರ ನಡುವಿನ ದೂರ ಕೇಳಿದಾಗ ‘1ಇ+10’ ಎಂಬ ಉತ್ತರ ಬಂದಿರುತ್ತದೆ. ಫೈಲ್ ಕೆಟ್ಟಿದೆ, ಆಟ ಮತ್ತೆ ಇನ್‌ಸ್ಟಾಲ್ ಮಾಡಬೇಕು ಎಂದು ಹೊರಡುವವರು ಇಲ್ಲೇ ಹೊರಡುತ್ತಾರೆ. ಆದರೆ ಫೈಲ್ ಕೆಟ್ಟಿರುವುದಿಲ್ಲ. ಈ ಅಂಕಿಗಳು ಅಳತೆಗಳಲ್ಲ, ಅಂಕಿಯ ಅಂಗಿ ತೊಟ್ಟ ಮಾತುಗಳು. ಹಾಗೆ ಓದುವುದು ಗೊತ್ತಿದ್ದರೆ ಅರ್ಧ ರಾತ್ರಿ ಉಳಿಯುತ್ತದೆ.

ಬಸ್ಸಿನ ಸೀಟಿನ ಮೇಲಿನ ಟವೆಲ್

ಆರ್ಮಾ 3 ಜೆಕ್ ಗಣರಾಜ್ಯದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆಯ ಆಟ. ಬಂದದ್ದು 2013ರ ಸೆಪ್ಟೆಂಬರಿನಲ್ಲಿ. ಇದೇ ಸಂಸ್ಥೆ 2001ರಲ್ಲಿ ತಂದ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ ಇದರ ಮೂಲಪುರುಷ. ಮಾಮೂಲಿ ಶೂಟಿಂಗ್ ಆಟಗಳು ತಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಿರುತ್ತವೆ. ಈ ವಂಶದ ಆಟಗಳು ಹಾಗಲ್ಲ. ಸೆಟ್ಟಿಂಗ್ಸ್, ಸರ್ವರ್ ನಿಯಮ, ಮಿಷನ್ನಿನ ಒಳವಿವರ ಬಹುಮಟ್ಟಿಗೆ ಯಾರು ಬೇಕಾದರೂ ತೆರೆದು ಓದಬಹುದಾದ ಪಠ್ಯದಲ್ಲಿರುತ್ತವೆ. ಈ ಆಟಗಳಿಗೆ ಇಷ್ಟೊಂದು ಮಾಡ್‌ಗಳು ಬಂದದ್ದು ಅದರಿಂದಲೇ. ಎಂಜಿನ್ ಬರೆದವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗುರುತುಗಳು ನಮ್ಮ ಕಣ್ಣಿಗೆ ಬೀಳುವುದೂ ಅದರಿಂದಲೇ.

ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಇಂಥ ಗುರುತನ್ನು ಬಿಡಿಸಿ ಹೇಳಬೇಕಿಲ್ಲ. ಸೀಟಿನ ಮೇಲೆ ಟವೆಲ್ ಇದೆ ಅಂದರೆ ಟವೆಲ್ಲು ಪ್ರಯಾಣ ಮಾಡುತ್ತದೆ ಎಂದಲ್ಲ; ‘ಇಲ್ಲಿ ಒಬ್ಬರು ಬರುವವರಿದ್ದಾರೆ’ ಎಂದು ಅರ್ಥ. ನಮ್ಮ ಎಷ್ಟೋ ಹಿರಿಯರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿರುವುದೂ ಇಂಥದೇ. ಮಗು ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲ, ಶಾಲೆ ಶುರುವಾಗುವುದು ಜೂನ್‌ನಲ್ಲಿ, ಅರ್ಜಿಯ ಜಾಗ ಖಾಲಿ ಬಿಡುವಂತಿಲ್ಲ. ಮೇಷ್ಟ್ರು ಜೂನ್ 1 ಬರೆದರು. ಆ ದಿನಾಂಕಕ್ಕೆ ಜಾತಕ ಹಾಕಿಸಲು ಹೋದರೆ ತಪ್ಪು ಯಾರದು?

ಪ್ರೋಗ್ರಾಮಿಗೂ ಇದೇ ಇಕ್ಕಟ್ಟು. ಸೆಕೆಂಡ್ ತುಂಬುವ ಜಾಗಕ್ಕೆ ಅಂಕಿ ಮಾತ್ರ ಹಿಡಿಸುತ್ತದೆ. ಅಲ್ಲಿ ‘ಮಿಷನ್ ಮುಗಿಯುವ ತನಕ’ ಎಂದು ಬರೆಯಲು ಬರುವುದಿಲ್ಲ. ಆಗ ನಿಜವಾದ ಅಳತೆಯಾಗಿ ಎಂದೂ ಬರಲಾರದ ಒಂದು ಅಂಕಿಯನ್ನು ಹುಡುಕಿ ಅದಕ್ಕೆ ಆ ಅರ್ಥ ಕೊಡುತ್ತಾರೆ. ಸಮಯ ಋಣವಾಗಲಾರದು, ಆದ್ದರಿಂದ -1 ಬಿಡುವಾಗಿದೆ. ಸೊನ್ನೆಯನ್ನೇ ಯಾಕೆ ಬಳಸಬಾರದು ಅಂದರೆ, ಸೊನ್ನೆಯೂ ಒಂದು ಅಳತೆ. ಪರೀಕ್ಷೆಯಲ್ಲಿ ಸೊನ್ನೆ ತೆಗೆದವನೂ ಪರೀಕ್ಷೆಗೇ ಬಾರದವನೂ ಒಂದೇ ಅಲ್ಲ. ಅಂಕಪಟ್ಟಿಯಲ್ಲಿ ಗೈರುಹಾಜರಾದವನಿಗೆ ಬೇರೆ ಅಕ್ಷರ ಹಾಕುವುದು ಅದಕ್ಕೇ.

ಸಾವಿರ ಫ್ರೇಮಿನ ಲೆಕ್ಕ

ಮೊದಲು ಆ 1000ವನ್ನೇ ನೋಡೋಣ. ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ಪ್ರೊಸೆಸರ್ ಮೊದಲು ಏನು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ, ಗ್ರಾಫಿಕ್ಸ್ ಕಾರ್ಡ್ ಆಮೇಲೆ ಬರೆಯುತ್ತದೆ. ಕಾರ್ಡ್ ಕೈಕಟ್ಟಿ ಕೂರಬಾರದೆಂದು ಪ್ರೊಸೆಸರ್ ಕೆಲವು ಫ್ರೇಮ್‌ಗಳನ್ನು ಮುಂಗಡವಾಗಿ ಸಿದ್ಧಮಾಡಿ ಸಾಲಿನಲ್ಲಿ ಇಡುತ್ತದೆ. ಸಾಲು ಉದ್ದವಾದಷ್ಟೂ ಆಟ ನುಣುಪಾಗಿ ಓಡಬಹುದು. ಆದರೆ ನೀವು ಈಗ ಮೌಸ್ ಅಲುಗಿಸಿದ್ದು ಸಾಲಿನ ಕೊನೆಯ ಫ್ರೇಮಿನಲ್ಲಿ ಸೇರುವುದರಿಂದ, ಕಣ್ಣಿಗೆ ಕಾಣುವುದು ಅಷ್ಟೇ ತಡ.

ಈಗ ಲೆಕ್ಕ ಮಾಡಿ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ನಿಜವಾಗಿ 1000 ಫ್ರೇಮ್ ಮುಂಗಡ ಇದ್ದರೆ, ಮೌಸ್ ಅಲುಗಿಸಿದ ಸುಮಾರು 17 ಸೆಕೆಂಡಿನ ಮೇಲೆ ಬಂದೂಕು ತಿರುಗಬೇಕಿತ್ತು. ನಿಮ್ಮಲ್ಲಿ ಹಾಗಾಗುತ್ತಿಲ್ಲವಲ್ಲ. ಅಂದಮೇಲೆ ಈ ಸಾವಿರ ಪ್ರಮಾಣವಲ್ಲ, ‘ನನ್ನ ಕಡೆಯಿಂದ ಮಿತಿ ಏನೂ ಇಲ್ಲ’ ಎಂಬ ಮಾತು. ಜೊತೆಗಿರುವ ‘ಡಿಟೆಕ್ಟೆಡ್’ ಸಾಲು ಆಟವೇ ಕಂಡುಕೊಂಡ ಅಂಕಿ. ಡೈರೆಕ್ಟ್‌ಎಕ್ಸ್‌ನ ವಾಡಿಕೆಯ ಮಿತಿಯೂ 3 ಆದ್ದರಿಂದ ಅಲ್ಲಿ 3 ಕಂಡರೆ ಅಚ್ಚರಿಯಿಲ್ಲ.

ಹಾಗಾದರೆ ಮುಟ್ಟಬೇಕಾದ್ದು ‘ಮ್ಯಾಕ್ಸ್’ ಸಾಲು. ಅದನ್ನು 1 ಅಥವಾ 2 ಮಾಡಿದರೆ ಮೌಸಿನ ಎಳೆತ ತಗ್ಗಬಹುದು. ಅದರ ಬದಲಿಗೆ ಫ್ರೇಮ್ ಸಂಖ್ಯೆ ಇಳಿಯಲೂಬಹುದು. ಡಿಟೆಕ್ಟೆಡ್ ಸಾಲನ್ನು ತಿದ್ದುವುದು ಥರ್ಮಾಮೀಟರಿನ ಅಂಕಿ ಅಳಿಸಿ ಜ್ವರ ಇಳಿಸಿದ ಹಾಗೆ. ನಾನೂ ಒಮ್ಮೆ ಎರಡು ಗಂಟೆ ಅದನ್ನೇ ಮಾಡಿದವನು.

ಒಂದೇ -1, ಮನೆಗೊಂದು ಅರ್ಥ

ಸರ್ವರ್ ಕಡತದ ‘ಕಿಕ್ ಟೈಮ್‌ಔಟ್’ ಭಾಗದಲ್ಲಿ ಜೋಡಿ ಅಂಕಿಗಳಿರುತ್ತವೆ. ಜೋಡಿಯ ಮೊದಲನೆಯದು ಅಳತೆಯೇ ಅಲ್ಲ, ಹೆಸರು: 0 ಅಂದರೆ ಅಡ್ಮಿನ್ ಕೈಯಾರೆ ಹೊರಹಾಕಿದ್ದು, 1 ಅಂದರೆ ಸಂಪರ್ಕದ ತೊಂದರೆಯಿಂದ, 2 ಅಂದರೆ ಬ್ಯಾಟಲ್‌ಐ ಎಂಬ ಮೋಸತಡೆ ವ್ಯವಸ್ಥೆ ಹಾಕಿದ್ದು, 3 ಅಂದರೆ ದೋಷವಿಲ್ಲದ ಸಣ್ಣ ಕಾರಣ. ಎರಡನೆಯದು ಸೆಕೆಂಡ್. ಅಲ್ಲಿ 180 ಇದ್ದರೆ ಮೂರು ನಿಮಿಷ, ಸರಳ. -1 ಇದ್ದರೆ ಆ ಮಿಷನ್ ಮುಗಿಯುವ ತನಕ, -2 ಇದ್ದರೆ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡುವ ತನಕ. -2 ಅನ್ನುವುದು -1ರ ಎರಡರಷ್ಟು ಅಲ್ಲ, ಬೇರೆಯೇ ಮಾತು. ಲೇಖನದ ತಲೆಬರಹದ ಪ್ರಶ್ನೆಗೆ ಉತ್ತರವೂ ಅದೇ: ಮಿಷನ್ ಎಷ್ಟು ಹೊತ್ತೋ ಅಷ್ಟು ಹೊತ್ತು.

ಈಗ ಎಡಿಟರಿಗೆ ಬನ್ನಿ. ಫಿರಂಗಿ ಅಥವಾ ಹೆಲಿಕಾಪ್ಟರ್ ನೆರವನ್ನು ಎಷ್ಟು ಸಲ ಕರೆಯಬಹುದು ಎಂಬ ಕಡೆಯೂ -1 ಕಾಣುತ್ತದೆ. ಅಲ್ಲಿ ಅದರ ಅರ್ಥ ‘ಎಷ್ಟು ಸಲ ಬೇಕಾದರೂ’. ಸ್ಕ್ರಿಪ್ಟಿನಲ್ಲಿ ಒಂದು ಪಟ್ಟಿಯೊಳಗೆ ಹೆಸರು ಹುಡುಕಿದಾಗ -1 ಬಂದರೆ ‘ಸಿಗಲಿಲ್ಲ’ ಎಂದರ್ಥ. ಅಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ‘ಸಿಗಲಿಲ್ಲ’ ಎನ್ನಲು ಸೊನ್ನೆ ಬಿಡುವಾಗಿಲ್ಲ. ಮೂರು ಕಡೆ ಒಂದೇ ಅಂಕಿ, ಮೂರು ಅರ್ಥ. ‘ಮೈನಸ್ ಒಂದು ಅಂದರೆ ಅನಂತ’ ಎಂದು ಬಾಯಿಪಾಠ ಮಾಡಿಕೊಂಡವರು ಸರ್ವರಿನಲ್ಲಿ ಕಿಡಿಗೇಡಿಯೊಬ್ಬನನ್ನು ಹೊರಹಾಕಿ ನೆಮ್ಮದಿಯಿಂದ ಮಲಗುತ್ತಾರೆ. ಮುಂದಿನ ಮಿಷನ್ನಿಗೆ ಅವನು ಹಾಜರ್.

ಗೋಡೆ ಕಟ್ಟುವ ಅಂಕಿಗಳೂ ಇವೆ. ಮತದಾನದಿಂದ ಆಟಗಾರರನ್ನು ಹೊರಹಾಕುವ ಅಥವಾ ಅಡ್ಮಿನ್ ಆರಿಸುವ ಸೌಲಭ್ಯಕ್ಕೆ ‘ವೋಟ್ ಥ್ರೆಶೋಲ್ಡ್’ ಎಂಬ ಸಾಲಿದೆ. 0.33 ಇದ್ದರೆ ಮೂರನೇ ಒಂದು ಭಾಗ ಒಪ್ಪಿದರೆ ಸಾಕು. ಕೆಲವರ ಕಡತದಲ್ಲಿ ಅಲ್ಲಿ 9999 ಎಂದಿರುವುದನ್ನು ನೋಡಿ ತಲೆ ಕೆರೆದುಕೊಳ್ಳಬೇಡಿ. ಇಡೀ ಸರ್ವರ್ ಕೈಯೆತ್ತಿದರೂ ಪಾಲು 1ನ್ನು ದಾಟುವುದಿಲ್ಲ. ಆದ್ದರಿಂದ 1ಕ್ಕಿಂತ ಮೇಲಿನ ಯಾವ ಅಂಕಿ ಇಟ್ಟರೂ ಮತದಾನ ಎಂದಿಗೂ ಗೆಲ್ಲುವುದಿಲ್ಲ. 9999 ಅನ್ನುವುದು ಬರೆದವರ ಕೈಯ ಅಭ್ಯಾಸವಷ್ಟೇ.

ಕೋಟಿ ಕಿಲೋಮೀಟರ್ ಆಚೆಯ ಸೈನಿಕ

ಅಂಕಿಯ ನಡುವೆ ಬರುವ ‘ಇ’ ಹತ್ತರ ಘಾತದ ಗುರುತು. ‘1ಇ+06’ ಅಂದರೆ ಒಂದರ ಮುಂದೆ ಆರು ಸೊನ್ನೆ, ಹತ್ತು ಲಕ್ಷ. ‘1ಇ+10’ ಅಂದರೆ ಸಾವಿರ ಕೋಟಿ. ದೂರ ಮೀಟರಿನಲ್ಲಿ ಇರುವುದರಿಂದ ಅದು ಒಂದು ಕೋಟಿ ಕಿಲೋಮೀಟರ್. ಚಂದ್ರನಿಗಿರುವ ದೂರದ ಇಪ್ಪತ್ತಾರು ಪಟ್ಟು. ಆಟದ ದೊಡ್ಡ ದ್ವೀಪ ಆಲ್ಟಿಸ್, ಗ್ರೀಸಿನ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು, ಅದರ ನೆಲವೇ ಸುಮಾರು 270 ಚದರ ಕಿಲೋಮೀಟರ್. ಆ ದೂರದಲ್ಲಿ ನಿಲ್ಲಲು ಅಲ್ಲಿ ಜಾಗವಿಲ್ಲ.

ಇದು ಬರುವುದು ನೀವು ದೂರ ಕೇಳಿದ ಇಬ್ಬರಲ್ಲಿ ಒಬ್ಬರು ಇಲ್ಲವೇ ಇಲ್ಲದಾಗ. ಇಲ್ಲದವನ ದೂರಕ್ಕೆ -1 ಬದಲು ಇಷ್ಟು ದೊಡ್ಡ ಅಂಕಿ ಯಾಕೆ? ಇದರಲ್ಲಿ ಜಾಣತನವಿದೆ. ಮಿಷನ್ನಿನಲ್ಲಿ ಮೇಲಿಂದ ಮೇಲೆ ಬರೆಯುವ ಷರತ್ತು ‘ಶತ್ರು 500 ಮೀಟರಿಗಿಂತ ಹತ್ತಿರ ಬಂದರೆ ಎಚ್ಚರಿಸು’ ಎಂಬಂಥದು. ಇಲ್ಲದ ಶತ್ರುವಿನ ದೂರ -1 ಎಂದು ಬಂದರೆ, -1 ಐನೂರಕ್ಕಿಂತ ಕಡಿಮೆ, ಗಂಟೆ ಹೊಡೆದೇ ಬಿಡುತ್ತದೆ. ಕೋಟಿ ಕಿಲೋಮೀಟರ್ ಎಂದು ಬಂದರೆ ಷರತ್ತು ಸುಮ್ಮನಿರುತ್ತದೆ. ಗುರುತಿನ ಅಂಕಿ ಆರಿಸುವಾಗ, ಬಳಸುವವನು ಮರೆತರೂ ಹೆಚ್ಚು ಹಾನಿಯಾಗದ ಕಡೆಗೆ ವಾಲಿಸಿದ್ದಾರೆ.

ಆದರೆ ಷರತ್ತು ತಿರುಗುಮುರುಗಾದರೆ ಆ ರಕ್ಷಣೆ ಇಲ್ಲ. ‘ಹೆಲಿಕಾಪ್ಟರ್ 2000 ಮೀಟರಿಗಿಂತ ದೂರ ಹೋದರೆ ಮಿಷನ್ ಮುಗಿಸು’ ಎಂದು ಬರೆದಿದ್ದೀರಿ ಅನ್ನಿ. ಅದು ಅಪ್ಪಳಿಸಿ, ಅವಶೇಷವೂ ಅಳಿಸಿಹೋದ ಕ್ಷಣ ಅದರ ದೂರ ಕೋಟಿ ಕಿಲೋಮೀಟರ್ ಆಗುತ್ತದೆ. ನೀವು ಗೆದ್ದಿರಿ! ದೂರ ಕೇಳುವ ಮೊದಲು ‘ವಸ್ತು ಇದೆಯೇ’ ಎಂದು ಕೇಳಿ; ಅದಕ್ಕೆ ‘ಈಸ್‌ನಲ್’ ಎಂಬ ಆದೇಶವಿದೆ.

ಇದರ ತಮ್ಮನೊಬ್ಬ ಇದ್ದಾನೆ: ಮೂರು ಸೊನ್ನೆಗಳ ಸ್ಥಾನ. ನಕ್ಷೆಯಲ್ಲಿ ಇಲ್ಲದ ಗುರುತಿನ ಸ್ಥಾನ ಕೇಳಿದರೆ, ಮಾರ್ಕರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಸರಿ, ಉತ್ತರ 0, 0, 0. ಅದು ನಕ್ಷೆಯ ಕೆಳಗಿನ ಎಡಮೂಲೆ. ಆಲ್ಟಿಸ್‌ನಲ್ಲಿ ಅಲ್ಲಿರುವುದು ಸಮುದ್ರ. ನಿಮ್ಮ ದಳ ಬೇಸ್‌ನಲ್ಲಿ ಹುಟ್ಟುವ ಬದಲು ನಡುನೀರಿನಲ್ಲಿ ಈಜುತ್ತಿದ್ದರೆ ಆಟವನ್ನು ಬೈಯಬೇಡಿ, ಮಾರ್ಕರಿನ ಕಾಗುಣಿತ ನೋಡಿ.

ಕೈ ಹಾಕುವ ಮುನ್ನ

1. ಆಟವನ್ನು ಪೂರ್ತಿ ಮುಚ್ಚಿ. ಆಟ ಓಡುತ್ತಿರುವಾಗ ಕಡತ ತಿದ್ದಿದರೆ, ಹೊರಬರುವಾಗ ಅದು ತನ್ನ ನೆನಪಿನಲ್ಲಿದ್ದದ್ದನ್ನೇ ನಿಮ್ಮದರ ಮೇಲೆ ಬರೆದುಬಿಡುವ ಸಂಭವವಿದೆ. ‘ಎಷ್ಟು ಸಲ ಬದಲಿಸಿದರೂ ಹಳೆಯದೇ ಬರುತ್ತೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

2. ಕಡತದ ನಕಲೊಂದನ್ನು ಬೇರೆ ಕಡೆ ಇಡಿ.

3. ಸಾಲಿನ ಹೆಸರು ಓದಿ, ಅದರ ಮಾನ ಯಾವುದು ಕೇಳಿಕೊಳ್ಳಿ: ಸೆಕೆಂಡೋ, ಮೀಟರೋ, ಪಾಲೋ, ಎಣಿಕೆಯೋ? ಆಮೇಲೆ ಆ ಮಾನಕ್ಕೆ ಈ ಅಂಕಿ ಸಾಧ್ಯವೇ ನೋಡಿ. ಋಣ ಸೆಕೆಂಡ್, ಒಂದಕ್ಕಿಂತ ಹೆಚ್ಚಿನ ಪಾಲು, ನಕ್ಷೆಗಿಂತ ದೊಡ್ಡ ದೂರ ಇವು ಸಾಧ್ಯವಿಲ್ಲ, ಆದ್ದರಿಂದ ಇವು ಮಾತುಗಳು. ಸಾಧ್ಯವಿದ್ದರೆ ಅದು ಬಹುಶಃ ನಿಜವಾದ ಅಳತೆ, ನೋಡಲು ಎಷ್ಟೇ ವಿಚಿತ್ರವಾಗಿದ್ದರೂ. ಉದಾಹರಣೆಗೆ ‘ಟೆರೇನ್ ಗ್ರಿಡ್’ ಮುಂದಿನ 3.125 ಯಾರೋ ತಪ್ಪಾಗಿ ಒತ್ತಿದ ಅಂಕಿಯಲ್ಲ. 50, 25, 12.5, 6.25 ಎಂದು ಅರ್ಧರ್ಧವಾಗಿ ಇಳಿದು ಬಂದದ್ದು. ಅಂಕಿ ಸಣ್ಣದಾದಷ್ಟೂ ನೆಲದ ವಿವರ ಹೆಚ್ಚು.

4. ಅಕ್ಕಪಕ್ಕದ ಸಾಲು ನೋಡಿ. ‘ಡಿಟೆಕ್ಟೆಡ್’ ಎಂಬ ಜೋಡಿ ಇದ್ದರೆ ಅದು ಆಟದ್ದು, ಇನ್ನೊಂದು ನಿಮ್ಮದು.

5. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, ಆಟ ತೆರೆದು ಅದೇ ಜಾಗದಲ್ಲಿ ಅದೇ ಕೆಲಸ ಮಾಡಿ ನೋಡಿ. ಐದು ಸಾಲು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವ ಮಾತ್ರೆಯಿಂದ ಎಂದು ತಿಳಿಯುವುದಿಲ್ಲ.

6. ಎಲ್ಲ ಕೆಟ್ಟರೆ ಆ ಸಿಎಫ್‌ಜಿ ಕಡತವನ್ನೇ ಅಳಿಸಿ ಆಟ ತೆರೆಯಿರಿ. ಅದು ಹೊಸದನ್ನು ಬರೆದುಕೊಳ್ಳುತ್ತದೆ. ಇದು ಪರದೆ ಮತ್ತು ಗ್ರಾಫಿಕ್ಸ್ ವಿವರದ ಕಡತಕ್ಕೆ ಮಾತ್ರ ಹೇಳಿದ ಮಾತು. ನಿಮ್ಮ ಕೀಲಿಗಳ ಹೊಂದಾಣಿಕೆ ಇರುವ ಪ್ರೊಫೈಲ್ ಕಡತ ಬೇರೆ, ಅದನ್ನು ಅಳಿಸಿ ಆಮೇಲೆ ಅಳಬೇಡಿ.

ಜನ ಎಡವುವ ಕಡೆಗಳು

ಹೆಸರಾಗಿರುವ ಅಂಕಿಯನ್ನು ‘ಹೌದು, ಇಲ್ಲ’ ಎಂದು ಓದುವುದು ಮೊದಲನೆಯದು. ಮಿಷನ್ ಕಡತದಲ್ಲಿ ‘ರೆಸ್ಪಾನ್’ ಎಂಬ ಸಾಲಿಗೆ 0ಯಿಂದ 5ರ ತನಕ ಬೆಲೆಗಳಿವೆ. 0 ಅಂದರೆ ಮರುಹುಟ್ಟು ಇಲ್ಲ, 2 ಅಂದರೆ ಸತ್ತ ಜಾಗದಲ್ಲೇ, 3 ಅಂದರೆ ಬೇಸ್‌ನಲ್ಲಿ. ‘ಹೌದು’ ಎಂಬರ್ಥದಲ್ಲಿ 1 ಹಾಕಿದವರ ಕಥೆ ಚೆನ್ನಾಗಿದೆ: 1 ಅಂದರೆ ಹಕ್ಕಿ. ಸತ್ತ ಮೇಲೆ ನೀವು ಕಡಲಹಕ್ಕಿಯಾಗಿ ಯುದ್ಧಭೂಮಿಯ ಮೇಲೆ ಹಾರಾಡುತ್ತೀರಿ.

ಪಕ್ಷಗಳ ಅಂಕಿಯೂ ಹಾಗೆಯೇ. ಪೂರ್ವ 0, ಪಶ್ಚಿಮ 1, ಸ್ವತಂತ್ರ ಪಡೆ 2, ನಾಗರಿಕರು 3. ಇಲ್ಲಿ 0 ಅಂದರೆ ‘ಯಾವ ಪಕ್ಷವೂ ಅಲ್ಲ’ ಎಂದುಕೊಂಡರೆ ನಿಮ್ಮ ನಿರುಪದ್ರವಿ ಹಳ್ಳಿಗರು ಗುಂಡು ಹಾರಿಸುವ ಪಡೆಗೆ ಸೇರಿಬಿಡುತ್ತಾರೆ.

ಆಟ ಶುರುಮಾಡುವಾಗ ಕೊಡುವ ‘ಎಕ್ಸ್‌ಥ್ರೆಡ್ಸ್’ ಆಯ್ಕೆಯಲ್ಲಿ 0, 1, 3, 5, 7 ಮಾತ್ರ ಇವೆ, 2, 4, 6 ಎಲ್ಲಿ ಹೋದವು ಎಂದು ಕೇಳುವವರಿದ್ದಾರೆ. ಅದು ಎಣಿಕೆಯಲ್ಲ, ಸ್ವಿಚ್‌ಬೋರ್ಡ್. ಕಡತ ಓದುವ ಕೆಲಸಕ್ಕೆ 1, ಟೆಕ್ಸ್ಚರಿಗೆ 2, ಆಕಾರಗಳಿಗೆ 4. ಹಾಕಿದ ಸ್ವಿಚ್‌ಗಳ ಮೊತ್ತವೇ ಅಂಕಿ. ಕಡತ ಓದುವ ಸ್ವಿಚ್ಚು ಮೊದಲು ಹಾಕಿರಲೇಬೇಕಾದ್ದರಿಂದ 0 ಬಿಟ್ಟು ಬೇರೆ ಸಮಸಂಖ್ಯೆಗಳು ಬರುವುದಿಲ್ಲ. 7 ಅಂದರೆ ಮೂರೂ. ಇದನ್ನು 8 ಮಾಡಿ ವೇಗ ಹೆಚ್ಚಿಸುವ ಆಸೆ ಬೇಡ. ನನ್ನ ಮಟ್ಟಿಗೆ, ಆಟಕ್ಕೇ ಬಿಟ್ಟುಬಿಡುವುದು ಲೇಸು.

ಪಟ್ಟಿಯಲ್ಲಿ ಹುಡುಕಿದ ಉತ್ತರ ‘0ಗಿಂತ ಹೆಚ್ಚೇ’ ಎಂದು ಪರೀಕ್ಷಿಸಿದರೆ ಪಟ್ಟಿಯ ಮೊದಲನೆಯವನು ಎಂದೂ ಸಿಗುವುದಿಲ್ಲ, ಅವನ ಸ್ಥಾನವೇ 0. ‘-1 ಅಲ್ಲವೇ’ ಎಂದು ಕೇಳಬೇಕು. ಇನ್ನು ಆಟದ ಕಾನ್ಫಿಗ್‌ನಿಂದ ಅಂಕಿ ಓದುವಾಗ ತಲೆಕೆಳಗಿನ ಮೋಸವೊಂದಿದೆ. ಆ ಸಾಲೇ ಇಲ್ಲದಿದ್ದರೂ ಉತ್ತರ 0 ಎಂದೇ ಬರುತ್ತದೆ, ಪಠ್ಯವಾದರೆ ಖಾಲಿ. ಅಂಕಪಟ್ಟಿಯಲ್ಲಿ ಗೈರುಹಾಜರಾದವನಿಗೂ ಸೊನ್ನೆ ಕೊಟ್ಟಂತೆ. ಎಂಜಿನ್ ಬರೆದವರು ಇಲ್ಲಿ ಕೈ ತಪ್ಪಿದರು ಎಂದೇ ನನಗೆ ಅನ್ನಿಸುವುದು. ಓದುವ ಮೊದಲು ‘ಈಸ್‌ನಂಬರ್’ ಎಂದು ಕೇಳಿ ಸಾಲು ಇದೆಯೇ ಖಚಿತಪಡಿಸಿಕೊಳ್ಳಿ.

ಅಂಕಿಯಲ್ಲದ ಟವೆಲ್‌ಗಳೂ ಉಂಟು. ಹೆಸರು ಬರಬೇಕಾದ ಕಡೆ ‘ಎನಿ’ ಎಂಬ ಪದ ಬಂದರೆ ‘ಯಾವುದಾದರೂ ಸರಿ’ ಎಂದಲ್ಲ. ನೀವು ಬಳಸಿದ ಚರಕ್ಕೆ ಇನ್ನೂ ಬೆಲೆಯನ್ನೇ ಕೊಟ್ಟಿಲ್ಲ ಎಂದು. ಫ್ಲ್ಯಾಶ್‌ಪಾಯಿಂಟ್ ಕಾಲದಲ್ಲಿ ಇದೇ ತಪ್ಪಿಗೆ ‘ಸ್ಕೇಲಾರ್ ಬೂಲ್ ಅರೇ ಸ್ಟ್ರಿಂಗ್’ ಎಂಬ ಮಂತ್ರವೂ ಅದರ ಬಾಲಕ್ಕೊಂದು ವಿಚಿತ್ರ ಸಂಖ್ಯೆಯೂ ಪರದೆಗೆ ಬರುತ್ತಿದ್ದವು. ಇದು ಅಂಕಿಯೋ, ಹೌದು-ಅಲ್ಲವೋ, ಪಟ್ಟಿಯೋ, ಪಠ್ಯವೋ ತನಗೆ ತಿಳಿಯದು ಎಂದು ಎಂಜಿನ್ ಒಂದೇ ಉಸಿರಿನಲ್ಲಿ ಹೇಳುತ್ತಿದ್ದದ್ದು ಅಷ್ಟೇ. ಇನ್ನು ‘ಎಸ್‌ಟಿಆರ್’ ಎಂದು ಶುರುವಾಗುವ ಉದ್ದದ ಹೆಸರು ಕಂಡರೆ, ಅದು ಬೇರೆ ಬೇರೆ ಭಾಷೆಯ ಪಠ್ಯವನ್ನು ತಂದು ಕೂರಿಸಲು ಇಟ್ಟ ಗುರುತು. ಕಡತದೊಳಗೆ ಅದನ್ನು ಅಳಿಸಿ ನಿಮ್ಮ ಮಾತು ಬರೆದರೆ ಉಳಿದ ಭಾಷೆಯವರಿಗೂ ನಿಮ್ಮ ಮಾತೇ ಕಾಣುತ್ತದೆ.

ಬದಲಿಸಲೇಬೇಕಾದ ಟವೆಲ್

ಇಷ್ಟು ಹೊತ್ತು ‘ಮುಟ್ಟಬೇಡಿ, ಮೊದಲು ಅರ್ಥ ಮಾಡಿಕೊಳ್ಳಿ’ ಎಂದೆ. ಒಂದು ಕಡೆ ಮಾತ್ರ ಇದಕ್ಕೆ ವಿರುದ್ಧ. ಸರ್ವರ್ ಕಟ್ಟುವವರು ಮಾದರಿ ಕಡತವೊಂದನ್ನು ಎಲ್ಲಿಂದಲೋ ನಕಲು ಮಾಡಿಕೊಂಡೇ ಶುರುಮಾಡುತ್ತಾರೆ. ಅದರಲ್ಲಿ ಅಡ್ಮಿನ್ ಪಾಸ್‌ವರ್ಡ್ ಜಾಗದಲ್ಲಿ ಏನೋ ಮೂರಕ್ಷರ, ಸರ್ವರ್ ಹೆಸರಿನ ಜಾಗದಲ್ಲಿ ಏನೋ ಒಂದು ಹೆಸರು ಇರುತ್ತದೆ. ಇವು ನಿಜವಾದ ಟವೆಲ್‌ಗಳು. ನೀವು ಬಂದು ಎತ್ತಲೆಂದೇ ಹಾಸಿದ್ದು. ಎತ್ತದೆ ಬಿಟ್ಟರೆ ಆಟ ಯಾವ ತಕರಾರೂ ಮಾಡುವುದಿಲ್ಲ, ಆ ಮೂರಕ್ಷರವನ್ನೇ ಪಾಸ್‌ವರ್ಡ್ ಎಂದು ಒಪ್ಪಿಕೊಳ್ಳುತ್ತದೆ. ಅದೇ ಮಾದರಿಯನ್ನು ಓದಿದ ಪ್ರತಿಯೊಬ್ಬನ ಕೈಯಲ್ಲೂ ಆಗ ನಿಮ್ಮ ಸರ್ವರಿನ ಬೀಗದಕೈ ಇರುತ್ತದೆ.

ಅದೇ ಕಡತದಲ್ಲಿ ‘ಹೆಡ್‌ಲೆಸ್ ಕ್ಲೈಂಟ್ಸ್’ ಮುಂದಿರುವ 127.0.0.1 ನೋಡಿ ಅದನ್ನೂ ಬದಲಿಸಲು ಹೊರಡಬೇಡಿ. ಅದು ‘ಈ ಯಂತ್ರವೇ’ ಎಂದು ಹೇಳುವ ವಿಳಾಸ. ಕಂಪ್ಯೂಟರ್ ಪಾತ್ರಧಾರಿಗಳ ಭಾರ ಹೊರುವ ಆ ಸಹಾಯಕ ಪ್ರೋಗ್ರಾಮ್ ಸರ್ವರಿನ ಪಕ್ಕದಲ್ಲೇ ಓಡುತ್ತಿದ್ದರೆ ಅದು ಇದ್ದ ಹಾಗೇ ಸರಿ. ಬೇರೆ ಯಂತ್ರದಲ್ಲಿದ್ದರೆ ಮಾತ್ರ ಆ ಯಂತ್ರದ ವಿಳಾಸ ಬರೆಯಬೇಕು.